ಕನ್ನಡ ಮಾಧ್ಯಮ ತಪ್ಪಾಯಿತಾ ಎಂದು ಕೇಳಿದವಳಿಗೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಅಡಿಕೆ ದರದ ಬಗ್ಗೆ. ಉಳಿದವು ಸಂಚಿಕೆ ತಲುಪಿಲ್ಲ ಎಂಬ ದೂರು. ಅವಕ್ಕೆ ಬೇರೆಯೇ ಉತ್ತರ ಬರೆದಿದ್ದೇನೆ. ಇಲ್ಲಿ ಎತ್ತಿಕೊಂಡದ್ದು ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಪ್ಲಸ್ ಟು ಹುಡುಗಿಯೊಬ್ಬಳ ಪತ್ರವನ್ನು. ಹೆಸರು ಹಾಕಬೇಡಿ ಅಂದಿದ್ದಾಳೆ.

"ಮಾನ್ಯ ಸಂಪಾದಕರಿಗೆ ನಮಸ್ಕಾರ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಡಿಸೆಂಬರಿನಲ್ಲಿ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲಾಟ್ ಬರೆಯಬೇಕೆಂದಿದ್ದೇನೆ. ಮನೆಯಲ್ಲೇ ಒಂಬತ್ತು ಮಾಕ್ ಟೆಸ್ಟ್ ಬರೆದೆ. 120ರಲ್ಲಿ 48 ದಾಟುತ್ತಿಲ್ಲ. ಕಳೆದ ಸಲ 62 ಸರಿ, 58 ತಪ್ಪು. ಅಡಿಕೆ ಮಾರಿದ ಹಣದಲ್ಲಿ ಕೋಚಿಂಗಿಗೆ ಸೇರಿಸುತ್ತೇನೆ ಎನ್ನುತ್ತಾರೆ ಅಪ್ಪ. ಸೇರಲೇ? ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತಪ್ಪಾಯಿತಾ?"

ಮಗಳೇ, ಆ ಕೊನೆಯ ಸಾಲು ಇಲ್ಲದಿದ್ದರೆ ಒಂದು ಕಾರ್ಡಿನಲ್ಲಿ ಉತ್ತರ ಮುಗಿಸುತ್ತಿದ್ದೆ. ಈಗ ಪುಟ ತುಂಬುತ್ತದೆ. ಸಹಿಸಿಕೋ.

ಕೋಚಿಂಗಿನಿಂದ ಉಪಯೋಗವೇ ಇಲ್ಲ ಎನ್ನುವಷ್ಟು ಹಟಮಾರಿ ನಾನಲ್ಲ. ಗಡಿಯಾರ ಇಟ್ಟು ಬರೆಸುತ್ತಾರೆ. ಜೊತೆಗೆ ಓದುವವರು ಸಿಗುತ್ತಾರೆ. ವಾರವಾರ ಕರೆಂಟ್ ಅಫೇರ್ಸ್ ಅಚ್ಚು ಮಾಡಿ ಕೈಗೆ ಕೊಡುತ್ತಾರೆ. ಆಯಿತು, ಅವರಿಗೆ ಸಲ್ಲಬೇಕಾದ ಮಾತು ಸಂದಿತು.

ಇನ್ನು ನಿನ್ನ ಲೆಕ್ಕಕ್ಕೆ ಬರೋಣ. 62 ಸರಿ, 58 ತಪ್ಪು. ಒಂದು ತಪ್ಪಿಗೆ ಕಾಲು ಅಂಕ ಹೋಗುತ್ತದೆ. ಹದಿನಾಲ್ಕೂವರೆ ಹೋಗಿ ಉಳಿದದ್ದು 47.5. ನೀನು ಒಂದು ಪ್ರಶ್ನೆಯನ್ನೂ ಬಿಟ್ಟಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಹಾಕಿದರೆ ಭಾರೀ ನಷ್ಟ ಎಂದು ಕೆಲವರು ಹೆದರಿಸುತ್ತಾರೆ. ಹಾಗೇನೂ ಇಲ್ಲ. ನಾಲ್ಕು ಆಯ್ಕೆ ಇರುವ 16 ಪ್ರಶ್ನೆಗಳಿಗೆ ಸುಮ್ನೆ ಗುರುತು ಹಾಕಿದರೆ ಸರಾಸರಿ 4 ಸರಿ, 12 ತಪ್ಪು. ನಾಲ್ಕರಲ್ಲಿ ಮೂರು ಕಳೆದು ಒಂದು ಅಂಕ ಸಿಗುತ್ತದೆ. ಎರಡು ಆಯ್ಕೆ ಖಂಡಿತ ಅಲ್ಲ ಎಂದು ಗೊತ್ತಿದ್ದರೆ ಅದೇ 16ರಲ್ಲಿ 8 ಸರಿ, 8 ತಪ್ಪು, ಆರು ಅಂಕ. ಅಂದರೆ ಅಂಕ ಇರುವುದು ಅದೃಷ್ಟದಲ್ಲಲ್ಲ, ಆ ಎರಡು ಆಯ್ಕೆ ಹೊಡೆದು ಹಾಕುವುದರಲ್ಲಿ. ಅದಕ್ಕೆ ಓದಿದ್ದು ತಲೆಗೆ ಹೋಗಿರಬೇಕು.

ನೀನು ಯಾವ ಪುಸ್ತಕ ಓದುತ್ತಿದ್ದೀ ಅಂತ ಬರೆದಿಲ್ಲ. ಯಾರದೋ ಹಳೇ ಗೈಡ್ ಇರಬಹುದು ಅಂತ ನನ್ನ ಗುಮಾನಿ. 2008ರಲ್ಲಿ ಈ ಪರೀಕ್ಷೆ ಶುರುವಾದಾಗ 200 ಪ್ರಶ್ನೆ. ಯಾವ ವಿಧಿ ಏನು ಹೇಳುತ್ತದೆ ಎಂದು ಬಾಯಿಪಾಠ ಮಾಡಿದವರಿಗೆ ಒಳ್ಳೆಯ ಕಾಲ ಅದು. 2020ರಲ್ಲಿ ರೂಪವೇ ಬದಲಾಯಿತು. ಈಗ ಇರುವುದು 120 ಪ್ರಶ್ನೆ, ಎರಡು ಗಂಟೆ. ಹೆಚ್ಚುಕಡಿಮೆ ಎಲ್ಲವೂ ಪ್ಯಾಸೇಜ್, ಅಂದರೆ ಒಂದು ಬರಹದ ತುಣುಕು ಕೊಟ್ಟು ಅದರ ಮೇಲೆ ಪ್ರಶ್ನೆ. ಒಂದೊಂದು 450 ಪದದವರೆಗೆ. ಕಾನೂನಿನ ಭಾಗಕ್ಕೂ ಕಾನೂನು ಮೊದಲೇ ಗೊತ್ತಿರಬೇಕಾಗಿಲ್ಲ, ನಿಯಮ ಪ್ಯಾಸೇಜಿನಲ್ಲೇ ಇರುತ್ತದೆ. ಗಣಿತ ಹತ್ತರಲ್ಲಿ ಒಂದು ಪಾಲು ಮಾತ್ರ, ಅದೂ ಹತ್ತನೇ ತರಗತಿಯ ಮಟ್ಟದ್ದು.

ನನ್ನ ಅಕ್ಕನ ಮಗಳ ಕತೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಸಂಜೆ ಅವರ ಜಗಲಿಯಲ್ಲಿ ಕೂತಿದ್ದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು, ಅಕ್ಕ ಕಾಗೆ ಓಡಿಸುತ್ತಿದ್ದಳು. ಇವಳು ಪೆನ್ನು ಕಚ್ಚಿಕೊಂಡು ಒಂದು ಪ್ಯಾಸೇಜ್ ನೋಡುತ್ತಿದ್ದಳು. ಹದಿನೆಂಟು ತುಂಬದವರು ಮಾಡಿದ ಒಪ್ಪಂದ ಮೊದಲಿಂದಲೇ ಅಸಿಂಧು ಎಂಬ ನಿಯಮ. ಮೊಹೊರಿ ಬೀಬಿ ಪ್ರಕರಣದಲ್ಲಿ 1903ರಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಹೇಳಿದ್ದು. ಪ್ರಶ್ನೆ ಹೀಗಿತ್ತು: ಹದಿನೇಳರ ಹುಡುಗ ವಯಸ್ಸು ಸುಳ್ಳು ಹೇಳಿ ಸಾಲ ಪಡೆದ. ಒಪ್ಪಂದ ತೋರಿಸಿ ಸಾಲ ವಸೂಲಿ ಮಾಡಬಹುದಾ? ಇವಳು "ಮಾಡಬಹುದು" ಎಂದು ಗುರುತು ಹಾಕಿದಳು.

"ಪ್ಯಾಸೇಜಿನಲ್ಲಿ ಏನಿದೆ?" ಅಂದೆ.

"ಅಸಿಂಧು ಅಂತ ಇದೆ. ಆದ್ರೆ ಮಾವ, ಸುಳ್ಳು ಹೇಳಿದವನನ್ನು ಹಾಗೇ ಬಿಡುವುದಾ?"

ನೋಡು, ಇಂಗ್ಲಿಷ್ ಅರ್ಥವಾಗದೆ ಹೋದ ಅಂಕವಲ್ಲ ಅದು. ಮನಸ್ಸಿನಲ್ಲಿ ಮೊದಲೇ ತೀರ್ಪು ಬರೆದಿಟ್ಟು ಓದಿದ್ದಕ್ಕೆ ಹೋದ ಅಂಕ. ಆವತ್ತೇ ಒಂದು ರೂಲಿನ ಪುಸ್ತಕ ತೆಗೆಸಿದೆ. ಪ್ರತಿ ಮಾಕ್ ಆದಮೇಲೆ ಪ್ರತಿಯೊಂದು ತಪ್ಪಿನ ಎದುರು ಕಾರಣ ಬರೆಯಬೇಕು: ಪದ ಗೊತ್ತಿರಲಿಲ್ಲ, ಅವಸರದಲ್ಲಿ 'ಅಲ್ಲ' ಎಂಬ ಪದ ಬಿಟ್ಟೆ, ನನ್ನ ತಲೆಯದ್ದನ್ನು ತುರುಕಿದೆ, ಹೊತ್ತು ಸಾಕಾಗಲಿಲ್ಲ. ಮೊದಲ ಮಾಕ್‌ನ 41 ತಪ್ಪುಗಳಲ್ಲಿ 'ಪದ ಗೊತ್ತಿರಲಿಲ್ಲ' ಎಂದು ಬರೆದದ್ದು ಒಂಬತ್ತೇ ಕಡೆ! ಉಳಿದದ್ದೆಲ್ಲ ಓದುವ ದೋಷ. ಆಮೇಲೆ ಅವಳು ವಾರಕ್ಕೆ ಒಂದೇ ಮಾಕ್ ಬರೆದಳು. ಒಂದು ದಿನ ಬರೆಯಲು, ಎರಡು ದಿನ ತಪ್ಪು ನೋಡಲು. ನೀನು ಒಂಬತ್ತು ಬರೆದೆ ಅಂದಿದ್ದೀ. ತಪ್ಪು ನೋಡಿದ್ದು ಎಷ್ಟರದ್ದು? ಅದನ್ನು ಬರೆಯಲೇ ಇಲ್ಲ ನೀನು. ನಾಲ್ಕು ತಿಂಗಳಲ್ಲಿ ಅವಳು 52ರಿಂದ 79ಕ್ಕೆ ಬಂದಳು. ಅವಳೂ ಕನ್ನಡ ಮಾಧ್ಯಮವೇ.

ಈಗ ನನ್ನ ಹುಚ್ಚಿಗೆ ಬರುತ್ತೇನೆ. ಹಳೆಯ ಓದುಗರು ಇಲ್ಲಿ ಪುಟ ತಿರುಗಿಸಬಹುದು. ನಮ್ಮೂರಲ್ಲಿ ಲಾ ಕಾಲೇಜು ಇಲ್ಲದ ಕಾಲದಲ್ಲೂ ತಾಳಮದ್ದಳೆ ಇತ್ತು, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅಲ್ಲಿ ಮಾತಾಡುವುದಕ್ಕೆ 'ಅರ್ಥ ಹೇಳುವುದು' ಅಂತಲೇ ಹೆಸರು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ನಾನು ಚಿಕ್ಕಂದಿನಲ್ಲಿ ಚಾಪೆಯ ಮೇಲೆ ನಿದ್ದೆಗಣ್ಣಲ್ಲಿ ಕೂತು ಕೇಳಿದ್ದೇನೆ. ಬಾಣ ತಾಗಿ ಬಿದ್ದವನು ರಾಮನನ್ನೇ ಕಟಕಟೆಯಲ್ಲಿ ನಿಲ್ಲಿಸುವುದು! ಒಳ್ಳೆಯ ಅರ್ಥಧಾರಿ ಮನೆಯಿಂದ ಕಟ್ಟಿಕೊಂಡು ಬಂದದ್ದನ್ನು ಒಪ್ಪಿಸುವುದಿಲ್ಲ. ಎದುರಿನವನು ಈಗಷ್ಟೇ ಏನು ಹೇಳಿದ, ಅದರಲ್ಲಿ ಸಡಿಲ ಎಲ್ಲಿದೆ ಎಂದು ಕಿವಿಗೊಟ್ಟು ಉತ್ತರಿಸುತ್ತಾನೆ. ಪ್ಯಾಸೇಜ್ ಕೇಳುವುದೂ ಅದನ್ನೇ ಅಲ್ವಾ? (ಅರ್ಥಧಾರಿ ಹೊರಗಿನ ಪುರಾಣ ಎಳೆದು ತಂದರೆ ಚಪ್ಪಾಳೆ ಸಿಗುತ್ತದೆ, ಕ್ಲಾಟಿನಲ್ಲಿ ಕಾಲು ಅಂಕ ಹೋಗುತ್ತದೆ. ಅಷ್ಟು ವ್ಯತ್ಯಾಸ ಒಪ್ಪುತ್ತೇನೆ.)

ಹಾಗಾಗಿ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದು. ಪತ್ರಿಕೆ ಮಡಚು. ಬರೆದವನ ವಾದ ಏನು, ಆಧಾರ ಏನು, ಎಲ್ಲಿ ಜಾರಿದ್ದಾನೆ ಎಂದು ಅಮ್ಮನಿಗೆ ಕನ್ನಡದಲ್ಲಿ ಹೇಳು. ಹೇಳಲು ಆಗದಿದ್ದರೆ ನಿನಗೆ ತಿಳಿದಿಲ್ಲ ಅಂತ ಲೆಕ್ಕ. ಮತ್ತೆ ಬಿಡಿಸಿ ಓದು. ಎರಡು ಭಾಷೆಯಲ್ಲಿ ಒಂದೇ ವಾದವನ್ನು ಹಿಡಿಯಬಲ್ಲವಳಿಗೆ ಮಾಧ್ಯಮ ತಪ್ಪಾಯಿತು ಎಂದು ಹೇಳಿದವರು ಯಾರು?

ನೀನು ಚೆರ್ಕಳ ದಾರಿಯಾಗಿ ಕಾಸರಗೋಡಿಗೆ ಬಂದರೆ ಬಸ್ಸು ಎಡನೀರು ದಾಟಿಯೇ ಬರುತ್ತದೆ. ಅಲ್ಲಿನ ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಹದಿಮೂರು ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ತೀರ್ಪು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಮುಟ್ಟುವಂತಿಲ್ಲ ಎಂದು ಏಳು ಮಂದಿ ಹೇಳಿದರು, ಆರು ಮಂದಿ ಒಪ್ಪಲಿಲ್ಲ. ದೇಶದ ಎಲ್ಲ ಕಾನೂನು ವಿದ್ಯಾರ್ಥಿಗಳೂ ಆ ಹೆಸರು ಓದುತ್ತಾರೆ. ಆ ಸ್ವಾಮೀಜಿಗೆ ಯಕ್ಷಗಾನ ಎಂದರೆ ಪ್ರಾಣವಾಗಿತ್ತು ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳುವುದಿಲ್ಲ.

ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವುದು ನ್ಯಾಯವಾ ಎಂದು ನೀನು ಕೇಳಿದ್ದರೆ ಬೇರೆ ಮಾತು. 2023ರಲ್ಲಿ ಪ್ರಾದೇಶಿಕ ಭಾಷೆಗಳಲ್ಲೂ ನಡೆಸಿ ಎಂಬ ಅರ್ಜಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಬಾರ್ ಕೌನ್ಸಿಲ್ ಆಫ್ ಇಂಡಿಯಾ ಕೂಡ ಅದನ್ನು ಬೆಂಬಲಿಸಿತು. ಆದರೆ ಡಿಸೆಂಬರಿಗೆ ಮೊದಲು ನಿನಗೆ ಅದರಿಂದ ಏನೂ ಸಿಗುವುದಿಲ್ಲ. ಇಂಗ್ಲಿಷಿನಲ್ಲೇ ಬರೆ. ಸಿಟ್ಟನ್ನು ಜೋಪಾನವಾಗಿಡು, ವಕೀಲೆಯಾದ ಮೇಲೆ ಬೇಕಾಗುತ್ತದೆ.

ಯಾಕೆ ಬೇಕು ಅಂತ ಹೇಳುತ್ತೇನೆ. ಹೋದ ವರ್ಷ ಜಾಗದ ವಿಷಯದಲ್ಲಿ ಒಂದು ಕಚೇರಿಯಿಂದ ನನಗೆ ಮಲಯಾಳದಲ್ಲಿ ನೋಟಿಸು ಬಂತು. ನಾನು ಬರೆದ ಅರ್ಜಿ ಕನ್ನಡದ್ದು. ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ಕನ್ನಡಿಗರ ಪತ್ರವ್ಯವಹಾರಕ್ಕೆ ಜಾಗ ಇದೆ. ಕೌಂಟರಿನಲ್ಲಿದ್ದವರಿಗೆ ಇದನ್ನು ಹೇಳಿದೆ. ಅವರು ನಕ್ಕು, "ಪಕ್ಕದ ಮನೆಯವರಿಂದ ಓದಿಸಿ" ಅಂದರು. ನನ್ನ ಹಿಂದೆ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರ ಕೈಯಲ್ಲೂ ಅಂಥದೇ ಕಾಗದ. ಆ ಕಾಗದವನ್ನು ಮಲಯಾಳದಲ್ಲಿ ಓದಿ, ಕನ್ನಡದಲ್ಲಿ ವಿವರಿಸಿ, ಇಂಗ್ಲಿಷಿನಲ್ಲಿ ಪ್ರಶ್ನಿಸುವ ವಕೀಲರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಮಕ್ಕಳನ್ನು ಬೆಂಗಳೂರಿಗೆ ಕಳಿಸುತ್ತೇವೆ, ಅವರು ಅಲ್ಲೇ ಉಳಿಯುತ್ತಾರೆ. ಇಲ್ಲಿ ವಾಚನಾಲಯದ ಕನ್ನಡ ಕಪಾಟಿಗೆ ಬೀಗ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಇರಲಿ, ಇದಕ್ಕೆ ಬೇರೆಯೇ ಸಂಚಿಕೆ ಬೇಕು.

ಕ್ಲಾಟ್ ಒಂದನ್ನೇ ನಂಬಿ ಕೂರಬೇಡ. ಕೇರಳದ ಐದು ವರ್ಷದ ಎಲ್‌ಎಲ್‌ಬಿ ಪ್ರವೇಶ ಪರೀಕ್ಷೆಗೂ ಅರ್ಜಿ ಹಾಕು. ಕೋಝಿಕ್ಕೋಡಿನ ಸರಕಾರಿ ಲಾ ಕಾಲೇಜು ನಮಗೆ ಹತ್ತಿರ.

ಅಪ್ಪನಿಗೆ ಹೇಳು, ಅಡಿಕೆ ಸದ್ಯ ಮಾರುವುದು ಬೇಡ. ಒಂದು ತಿಂಗಳು ತಪ್ಪಿನ ಪುಸ್ತಕ ಬರೆದು ನೋಡು. ಆಮೇಲೂ 48ರಲ್ಲೇ ನಿಂತರೆ ಕೋಚಿಂಗಿಗೆ ಸೇರು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಬರುವ ತಿಂಗಳ ಎರಡನೇ ಆದಿತ್ಯವಾರ ನಮ್ಮ ಕಚೇರಿ ಕಡೆ ಬಾ, ಅಕ್ಕನ ಮಗಳು ರಜೆಗೆ ಬಂದಿರುತ್ತಾಳೆ. ಆ ಪುಸ್ತಕ ತಾ. ಹಳೇ ಗೈಡ್ ತರಬೇಡ, ಇಲ್ಲಿ ಈಗಾಗಲೇ ಮೂರಿವೆ.

– ಸಂ.