ನಮ್ಮವರೇ ಅಲ್ವಾ, ಆಮೇಲೆ ನೋಡೋಣ

(ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: ಮನೆಯ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತಿದ್ದೇನೆ. ಬರುವವರು ಹೆಚ್ಚಾಗಿ ನಮ್ಮ ಕಡೆಯ ಭಜನಾ ಮಂಡಳಿಯವರೇ. ಸಾಹಿತ್ಯ ಬಾಯಿಗೆ ಬಂದಿರುವುದಿಲ್ಲ, ಶ್ರುತಿಯ ಚರ್ಚೆಯೂ ಮೈಕಿನ ಮುಂದೆಯೇ. ದುಡ್ಡು ಕೇಳಿದರೆ ‘ನಮ್ಮವರೇ ಅಲ್ವಾ, ಆಮೇಲೆ ನೋಡೋಣ’. ಒಂದು ಮಂಡಳಿಯ ಬಾಕಿಗೆ ನಾಲ್ಕು ತಿಂಗಳಾಯಿತು; ಅವರ ಹಾಡು ಮಾತ್ರ ಯೂಟ್ಯೂಬಿನಲ್ಲಿದೆ. ಏನು ಮಾಡಲಿ?)

ಪತ್ರ ಓದಿ ನಗು ಬಂತು, ಬೇಸರಿಸಬೇಡಿ. ನಮ್ಮ ದೀಪಾವಳಿ ವಿಶೇಷಾಂಕದ ಎರಡು ಜಾಹೀರಾತಿನ ಹಣ ಯುಗಾದಿ ಕಳೆದರೂ ಬಂದಿಲ್ಲ. ಕೇಳಲು ಹೋದ ನನಗೆ ಕಾಫಿ ಕೊಟ್ಟು ಕಳಿಸಿದರು.

ನೀವು ಎರಡು ಕಾಯಿಲೆ ಹೇಳಿದ್ದೀರಿ, ನನಗೆ ಕಾಣುವುದು ಒಂದೇ. ಗಂಟೆಯ ಲೆಕ್ಕ ಗೊತ್ತಿದ್ದವರು ಮನೆಯಲ್ಲೇ ಹಾಡಿ ನೋಡಿಕೊಂಡು ಬರುತ್ತಾರೆ. ಲೆಕ್ಕ ಹೇಳಲು ನಿಮಗೇ ದಾಕ್ಷಿಣ್ಯವಾದರೆ ಸ್ಟುಡಿಯೋವೇ ಅಭ್ಯಾಸದ ಕೋಣೆಯಾಗುತ್ತದೆ.

ಇನ್ನು ಮೇಲೆ ದಿನ ಗೊತ್ತುಮಾಡುವ ಮೊದಲೇ ಒಂದು ಚರಣವನ್ನು ಹಾರ್ಮೋನಿಯಂ ಸಮೇತ ಫೋನಿನಲ್ಲಿ ಹಾಡಿ ಕಳಿಸಲು ಹೇಳಿ. ಶ್ರುತಿ ಹಾರ್ಮೋನಿಯಂನ ಯಾವ ಮನೆ, ಕಪ್ಪು ಎರಡೋ ಬಿಳಿ ನಾಲ್ಕೋ, ಆಗಲೇ ತೀರ್ಮಾನವಾಗಲಿ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳ ರೀಡು, ಅಂದರೆ ಸ್ವರ ಹೊರಡಿಸುವ ಪಟ್ಟಿ, ಎಷ್ಟೋ ಸಲ ಕೀಬೋರ್ಡಿನ ಗೊತ್ತಾದ ಶ್ರುತಿಯಾದ 440 ಹರ್ಟ್ಝ್ ಲೆಕ್ಕಕ್ಕೆ ಕೂಡುವುದಿಲ್ಲ. ತಂಬೂರಿ ಟ್ರ್ಯಾಕ್ ಹಾಕಿ ಹಾಡಿಸಿದ ಮೇಲೆ ಅದು ಗೊತ್ತಾದರೆ ಅರ್ಧ ದಿನ ಹೋಯಿತು. ತಯಾರಿಲ್ಲದೆ ಬಂದವರಿಗೆ ‘ಸಾಲು ಸಾಲಾಗಿ ಪಂಚ್ ಮಾಡಿ (ತಪ್ಪಿದ ಸಾಲನ್ನಷ್ಟೇ ಮತ್ತೆ ಹಾಡಿಸಿ) ಜೋಡಿಸಿಕೊಡ್ತೇನೆ’ ಎನ್ನುವ ಚಾಳಿಯನ್ನಂತೂ ಬಿಡಿ. ಅವರು ಮಾಡದ ಅಭ್ಯಾಸವನ್ನು ನೀವು ರಾತ್ರಿ ಎಡಿಟಿಂಗಿನಲ್ಲಿ ಮಾಡುತ್ತೀರಿ, ಪುಕ್ಕಟೆ. ಭಾನುವಾರದ ಮೆಗಾಬ್ಲಾಕಿನಲ್ಲಿ, ಅಂದರೆ ದುರಸ್ತಿಗೆಂದು ಮುಂಬಯಿ ಲೋಕಲ್ ರೈಲು ನಿಲ್ಲಿಸುವ ಹೊತ್ತಿನಲ್ಲಿ, ಸಿಕ್ಕಿ ತಡವಾದರೆ ಯಾರದೂ ತಪ್ಪಲ್ಲ. ಆದರೂ ಆ ಗಂಟೆ ಯಾರ ಲೆಕ್ಕಕ್ಕೆ ಎಂದು ಮೊದಲೇ ಹೇಳಿರಬೇಕು.

ಅರ್ಧ ಹಣ ಮುಂಗಡ. ಉಳಿದದ್ದು, ಮಿಕ್ಸ್ (ಎಲ್ಲ ದನಿ ಹದವಾಗಿ ಕೂಡಿಸಿದ ಹಾಡು) ಕೇಳಿ ಒಪ್ಪಿದ ಮೇಲೆ, ಪೂರ್ಣ ಗುಣಮಟ್ಟದ ವೇವ್ ಫೈಲ್ ಕೈಸೇರುವ ಮೊದಲು. ಅಲ್ಲಿಯವರೆಗೆ ನಡುನಡುವೆ ಬೀಪ್ ಇರುವ ಎಂಪಿ3 ಸಾಕು.

ಹಳೆಯ ಬಾಕಿಗಾಗಿ ಯೂಟ್ಯೂಬಿಗೆ ದೂರು ಕೊಟ್ಟು ಹಾಡು ತೆಗೆಸುವ ಯೋಚನೆ ಬಂದಿದ್ದರೆ ಕೈಬಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣ ಮಾಡಿಸಲು ಮುಂದಾಗಿ ಹೊಣೆ ಹೊತ್ತವರೇ ನಿರ್ಮಾಪಕರು, ಮುದ್ರಣದ ಹಕ್ಕು ಅವರದು. ಮೈಕ್ ನಿಮ್ಮದಾದ ಮಾತ್ರಕ್ಕೆ ಹಾಡು ನಿಮ್ಮದಾಗದು. ನಿಮಗೆ ಬರಬೇಕಾದದ್ದು ಮಾಡಿದ ಕೆಲಸದ ಹಣ. ಅದಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷ ಕಾಲಾವಕಾಶವಿದೆ. ತಾರೀಕು, ಗಂಟೆ, ಮೊತ್ತ ಬರೆದು ವಾಟ್ಸಾಪ್ ಮಾಡಿ, ‘ಸರಿ’ ಎಂಬ ಉತ್ತರವನ್ನಾದರೂ ಪಡೆಯಿರಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಮಾಡಿಸಿ, ಶುಲ್ಕವಿಲ್ಲ. 2006ರ ಸಣ್ಣ ಉದ್ಯಮಗಳ ಕಾಯ್ದೆಯಂತೆ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪಾವತಿ 45 ದಿನ ದಾಟುವಂತಿಲ್ಲ. ನೋಂದಣಿಗೆ ಹಿಂದಿನ ಬಾಕಿಗೆ ಇದು ಒದಗುತ್ತದೆಂದು ನೆಚ್ಚಿಕೊಳ್ಳಬೇಡಿ, ಮುಂದಿನದಕ್ಕೆ ಆದೀತು.

ದೇವರ ಹಾಡಿಗೆ ದುಡ್ಡು ಕೇಳಲು ಮನಸ್ಸು ಹಿಂಜರಿಯುತ್ತದೆ ಎಂದಿದ್ದೀರಿ. ವರ್ಷಕ್ಕೊಂದು ಹಾಡು ಸೇವೆಯೆಂದೇ ಮಾಡಿಕೊಡಿ. ಆದರೆ ಬಿಲ್ಲಿನಲ್ಲಿ ಪೂರ್ತಿ ಮೊತ್ತ ಬರೆದು, ಕೆಳಗೆ ‘ಸೇವೆ’ ಎಂದು ಕಳೆಯಿರಿ.

ಆ ಮಂಡಳಿಗೆ ನಾಳೆಯೇ ಫೋನ್ ಮಾಡಿ. ಅಧ್ಯಕ್ಷರಿಗಲ್ಲ, ಖಜಾಂಚಿಗೆ. ಅಧ್ಯಕ್ಷರು ಹಾಡು ಬಹಳ ಚೆನ್ನಾಗಿ ಬಂದಿದೆ ಎಂದು ಹೊಗಳಿ ಫೋನ್ ಇಡುತ್ತಾರೆ.

– ಸಂ.