ಮಗುವಿಗೆ ಎದೆಹಾಲು ಬಿಡಿಸಿ ಮೂರು ತಿಂಗಳಾಯಿತು. ಒತ್ತಿದರೆ ಈಗಲೂ ಹಾಲಿನ ಹನಿ ಬರುತ್ತದೆ, ಯಾಕೆ?

ಗಾಬರಿ ಬೇಡ, ಇದು ಸಹಜ. ಹಾಲು ಬಿಡಿಸಿದ ಮೇಲೂ ಕೆಲವು ವಾರ, ಎಷ್ಟೋ ತಾಯಂದಿರಿಗೆ ಹಲವು ತಿಂಗಳು, ಹೀಗೆ ಹನಿ ಬರುವುದುಂಟು.

ಎದೆ ಖಾಲಿಯಾದಷ್ಟೂ ಹಾಲು ತಯಾರಾಗುತ್ತದೆ. ಖಾಲಿಯಾಗದೆ ಒಳಗೇ ನಿಂತ ಹಾಲು ‘ಇನ್ನು ಸಾಕು’ ಎಂಬ ಸೂಚನೆ ಕೊಡುತ್ತದೆ. ಆಗ ಹಾಲು ತಯಾರಿಸುವ ಜೀವಕೋಶಗಳು ಕುಗ್ಗುತ್ತಾ ಬರುತ್ತವೆ, ಉಳಿದ ಹಾಲನ್ನು ದೇಹವೇ ಹೀರಿಕೊಳ್ಳುತ್ತದೆ. ಇದು ನಿಧಾನದ ಕೆಲಸ.

ನಿಂತಿತೋ ಇಲ್ಲವೋ ಎಂದು ದಿನಾ ಒತ್ತಿ ನೋಡುವುದನ್ನು ದಯವಿಟ್ಟು ಬಿಡಿ. ತೊಟ್ಟನ್ನು ಒತ್ತಿದಾಗ ಮಗು ಚೀಪಿದಾಗಿನಂತೆಯೇ ಮೆದುಳಿಗೆ ಸಂದೇಶ ಹೋಗಿ, ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಮತ್ತೆ ಬಿಡುಗಡೆಯಾಗುತ್ತದೆ. ಎದೆ ಬಿಗಿದು ನೋವಾದರೆ ಮಾತ್ರ, ಹಾಯೆನಿಸುವಷ್ಟೇ ಹಿಂಡಿ ತೆಗೆಯಿರಿ.

ಒತ್ತದಿದ್ದರೂ ಸೋರುತ್ತಿದ್ದರೆ, 6 ತಿಂಗಳು ದಾಟಿಯೂ ಹಾಲು ಮುಂದುವರಿದರೆ, ಒಂದೇ ಕಡೆಯಿಂದ ಅಥವಾ ರಕ್ತ ಬೆರೆತು ಬಂದರೆ, ಮುಟ್ಟು ಸರಿಯಾಗಿ ಆಗದಿದ್ದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಕೊರತೆ, ಮೆದುಳಿನ ಬುಡದಲ್ಲಿದ್ದು ಈ ಹಾರ್ಮೋನು ಬಿಡುವ ಪಿಟ್ಯುಟರಿ ಗ್ರಂಥಿಯ ತೊಂದರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಕೂಡ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಒಂದು ರಕ್ತಪರೀಕ್ಷೆಯಿಂದ ಅದರ ಮಟ್ಟ ತಿಳಿಯುತ್ತದೆ.