ವೇಟ್ ಟ್ರೈನಿಂಗ್‌ನಲ್ಲಿ ಖರ್ಚಾಗುವ ಕ್ಯಾಲೊರಿ: ವಾಚ್‌ನ ಲೆಕ್ಕವನ್ನು ಎಷ್ಟು ನಂಬಬಹುದು?

ನಿಮ್ಮ ತೂಕ 65 ಕೆ.ಜಿ. ಎಂದೂ, ಮಂಗಳೂರಿನ ಜಿಮ್ ಒಂದರಲ್ಲಿ ಒಂದು ಗಂಟೆ ಭಾರ ಎತ್ತಿದರೆ ಕೈಯಲ್ಲಿರುವ ವಾಚ್ ಒಂದು ದಿನ 210 ಕ್ಯಾಲೊರಿ, ಅದೇ ವ್ಯಾಯಾಮಕ್ಕೆ ಇನ್ನೊಂದು ದಿನ 430 ತೋರಿಸುತ್ತದೆ ಎಂದೂ ಬರೆದಿದ್ದೀರಿ. ಯಾವುದು ಸರಿ, ಅಷ್ಟನ್ನು ಊಟದಲ್ಲಿ ಹೆಚ್ಚಿಗೆ ಸೇರಿಸಿಕೊಳ್ಳಬಹುದೇ, ಬಡಿತ ಎಣಿಸಲು ಎದೆಗೆ ಕಟ್ಟುವ ಪಟ್ಟಿ ಕೊಂಡರೆ ಲೆಕ್ಕ ಸರಿಹೋದೀತೇ ಎಂಬುದು ನಿಮ್ಮ ಪ್ರಶ್ನೆ. 210 ವಾಸ್ತವಕ್ಕೆ ಹತ್ತಿರ. ಆದರೆ ಅದನ್ನೂ ಊಟದ ಲೆಕ್ಕಕ್ಕೆ ತರಬೇಡಿ ಎಂಬುದು ನನ್ನ ಸಲಹೆ.

ವಾಚ್ ಕ್ಯಾಲೊರಿಯನ್ನು ಅಳೆಯುವುದಿಲ್ಲ, ಊಹಿಸುತ್ತದೆ. ಅದರ ಅಡಿಯಲ್ಲಿರುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತವನ್ನು ಗಮನಿಸಿ ಹೃದಯ ಬಡಿತವನ್ನು ಎಣಿಸುತ್ತದೆ; ಆ ಬಡಿತಕ್ಕೆ ನಿಮ್ಮ ವಯಸ್ಸು, ತೂಕ ಮುಂತಾದವನ್ನು ಸೇರಿಸಿ ಒಂದು ಸೂತ್ರದ ಮೂಲಕ ಕ್ಯಾಲೊರಿಯನ್ನು ಹೇಳುತ್ತದೆ. ನಡಿಗೆ, ಓಟ, ಸೈಕಲ್ ಸವಾರಿಯಂತಹ ಒಂದೇ ಸಮನಾದ ಚಟುವಟಿಕೆಯಲ್ಲಿ ಬಡಿತ ಮತ್ತು ಆಮ್ಲಜನಕದ ಬಳಕೆ ಜೊತೆಜೊತೆಯಾಗಿ ಏರುವುದರಿಂದ ಈ ಊಹೆಗೆ ಆಧಾರವಿದೆ. ಭಾರ ಎತ್ತುವಾಗ ಹಾಗಾಗುವುದಿಲ್ಲ. ಬಾರನ್ನು (ತೂಕ ಸಿಕ್ಕಿಸುವ ಕಬ್ಬಿಣದ ಸರಳನ್ನು) ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯುಗಳು ಸೆಟೆದು ಸೆನ್ಸರ್‌ಗೆ ಬಡಿತವೇ ಸರಿಯಾಗಿ ಸಿಗದೆ ಹೋಗಬಹುದು. ಅದು ಸಿಕ್ಕರೂ, ಉಸಿರು ಕಟ್ಟಿ ಹೊಟ್ಟೆ ಬಿಗಿಹಿಡಿದಾಗ ರಕ್ತದೊತ್ತಡದೊಂದಿಗೆ ಬಡಿತವೂ ಏರುತ್ತದೆಯೇ ಹೊರತು ಆಮ್ಲಜನಕದ ಬಳಕೆ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಒಂದು ಸೆಟ್, ಎಂದರೆ ವಿರಾಮವಿಲ್ಲದೆ ಎತ್ತುವ ಒಂದು ಸುತ್ತು, ಮುಗಿಸಿ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುವಾಗಲೂ ಬಡಿತ ಕೆಲಹೊತ್ತು ಮೇಲೆಯೇ ಇರುತ್ತದೆ, ವಾಚ್ ಅದನ್ನೂ ದುಡಿಮೆಯೆಂದೇ ಎಣಿಸುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಸೆಕೆಯೂ ಸೇರುತ್ತದೆ. ನಾನು ಹೋಗುವ ಉಡುಪಿಯ ಜಿಮ್‌ನಲ್ಲಿ ಎ.ಸಿ. ಇಲ್ಲ. ಮೇ ತಿಂಗಳ ಸಂಜೆ ವಾರ್ಮ್ ಅಪ್ ಮುಗಿಯುವಷ್ಟರಲ್ಲೇ ಅಂಗೈ ಬೆವರಿ ಬಾರ್ ಜಾರತೊಡಗುತ್ತದೆ. ಟವೆಲಿನಿಂದ ಕೈಯನ್ನೂ ಬಾರನ್ನೂ ಒರೆಸದೆ ಡೆಡ್‌ಲಿಫ್ಟ್‌ಗೆ (ನೆಲದ ಮೇಲಿನ ಬಾರನ್ನು ನೇರ ನಿಲ್ಲುವವರೆಗೆ ಎತ್ತುವುದಕ್ಕೆ) ನಿಲ್ಲುವಂತಿಲ್ಲ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಆದ್ದರಿಂದ ಮೈಯನ್ನು ತಣಿಸಲು ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳುಹಿಸಬೇಕಾಗುತ್ತದೆ ಮತ್ತು ಅದಕ್ಕಾಗಿ ವೇಗವಾಗಿ ಬಡಿಯುತ್ತದೆ. ಡಿಸೆಂಬರ್‌ನ ಬೆಳಿಗ್ಗೆ ಅಷ್ಟೇ ಭಾರವನ್ನು ಅಷ್ಟೇ ಸಲ ಎತ್ತಿದರೂ ಬಡಿತ ಅಷ್ಟು ಏರುವುದಿಲ್ಲ. ನಿಮ್ಮ 430 ಕೂಡ ಸೆಕೆಯ ದಿನದ ಸಂಖ್ಯೆಯೇ ಇರಬಹುದು, ದಿನಾಂಕ ನೋಡಿ. ಆ ದಿನ ತಕ್ಕಡಿಯಲ್ಲಿ ಇಳಿದು ಕಾಣುವ ತೂಕ ಬರಿಯ ನೀರು. ಎರಡು ಬೊಂಡ (ಎಳನೀರು) ಕುಡಿದರೆ ಬಹುಪಾಲು ಮರಳಿ ಬರುತ್ತದೆ.

ಇನ್ನು ಎತ್ತುವ ಕೆಲಸಕ್ಕೆ ಎಷ್ಟು ಶಕ್ತಿ ಬೇಕು ಎಂಬುದನ್ನು ನೋಡೋಣ. ಕುಂದಾಪುರ ಬಳಿಯ ವಂಡ್ಸೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಭಾರವನ್ನು ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವ ವಿಧಾನ) 138 ಕೆ.ಜಿ. ಎತ್ತಿದ್ದರು. ಆ ಭಾರ ನೆಲದಿಂದ ಎರಡು ಮೀಟರ್ ಮೇಲೇರಿತೆಂದು ಇಟ್ಟುಕೊಂಡರೂ ಆದ ಕೆಲಸ ಸುಮಾರು 2,700 ಜೂಲ್, ಎಂದರೆ ಮುಕ್ಕಾಲು ಕ್ಯಾಲೊರಿಗಿಂತಲೂ ಕಡಿಮೆ. ಸ್ನಾಯುಗಳು ಖರ್ಚು ಮಾಡುವ ಶಕ್ತಿಯ ಬಹುಪಾಲು ಶಾಖವಾಗಿ ಹೋಗುವುದರಿಂದ ದೇಹಕ್ಕೆ ತಗಲುವ ವೆಚ್ಚ ಇದರ ನಾಲ್ಕೈದು ಪಟ್ಟು ಇರಬಹುದು, ಆದರೂ ಅದು ಕೆಲವೇ ಕ್ಯಾಲೊರಿ. ಅಂತಹ ಒಂದು ಎತ್ತುವಿಕೆಯ ಹಿಂದಿರುವ ವರ್ಷಗಳ ಸಾಧನೆಯನ್ನು ಕ್ಯಾಲೊರಿಯಲ್ಲಿ ಅಳೆಯುವುದು ಸಾಧ್ಯವೇ ಇಲ್ಲ.

ಅಂದಾಜು ಬೇಕೇ ಬೇಕೆಂದಾದರೆ ಮೆಟ್ ಎಂಬ ಅಳತೆಯನ್ನು ಬಳಸಿ. ಸುಮ್ಮನೆ ಕುಳಿತಾಗ ದೇಹವು ಪ್ರತಿ ಕಿಲೊ ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲೊರಿ ಬಳಸುತ್ತದೆ. ಅದು 1 ಮೆಟ್. ನಡುನಡುವೆ ವಿರಾಮವಿರುವ ಸಾಮಾನ್ಯ ವೇಟ್ ಟ್ರೈನಿಂಗ್‌ಗೆ 3.5 ಮೆಟ್ ಎಂದೂ, ತೀವ್ರವಾದದ್ದಕ್ಕೆ 6 ಮೆಟ್ ಎಂದೂ ಪಟ್ಟಿಗಳಲ್ಲಿ ಕೊಡುತ್ತಾರೆ. 65ನ್ನು 3.5ರಿಂದ ಗುಣಿಸಿದರೆ ಸುಮಾರು 228. ಇದರಲ್ಲಿ ನೀವು ಮನೆಯಲ್ಲಿ ಕುಳಿತಿದ್ದರೂ ಖರ್ಚಾಗುತ್ತಿದ್ದ 65 ಸೇರಿದೆ. ಅದನ್ನು ಕಳೆದರೆ ವ್ಯಾಯಾಮದ ಪಾಲು ಸುಮಾರು 160 ಮಾತ್ರ. ನಿಮ್ಮ ವಾಚ್‌ನಲ್ಲಿಯೂ ಒಟ್ಟು ಕ್ಯಾಲೊರಿ, ಆ್ಯಕ್ಟಿವ್ (ವ್ಯಾಯಾಮದ ಪಾಲಿನ) ಕ್ಯಾಲೊರಿ ಎಂದು ಎರಡು ಸಂಖ್ಯೆಗಳಿವೆಯೇ ಎಂದು ಪರಿಶೀಲಿಸಿ.

ಊಟಕ್ಕೆ ಸೇರಿಸಬೇಡಿ ಎಂದದ್ದು ಇದೇ ಕಾರಣಕ್ಕೆ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿಯೇ ಸುಮಾರು 120 ಕ್ಯಾಲೊರಿ ಇದೆ. ಬಂಗುಡೆ ಹುರಿಯುವಾಗ ಎಣ್ಣೆ ತುಸು ಧಾರಾಳವಾದರೆ ಆ 160 ಅಲ್ಲಿಗೆ ಮುಗಿಯಿತು. ವಾಚ್ ಹೇಳಿದ 430ನ್ನು ನಂಬಿ ತಿಂದರಂತೂ ವಾರವಿಡೀ ಮಾಡಿದ ಮಿತಾಹಾರ ವ್ಯರ್ಥವಾಗುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿ ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ನಿಖರವಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತ್ತು. ಅದು ನಡಿಗೆ, ಓಟ, ಸೈಕಲ್‌ನ ಪರೀಕ್ಷೆ, ಎಂದರೆ ವಾಚ್‌ಗೆ ಸುಲಭವಾದ ಚಟುವಟಿಕೆಗಳು. ವ್ಯಾಯಾಮದ ನಂತರವೂ ಗಂಟೆಗಟ್ಟಲೆ ಕ್ಯಾಲೊರಿ ಉರಿಯುತ್ತಿರುತ್ತದೆ ಎಂಬ ಮಾತಿನಲ್ಲಿ ಸತ್ಯಾಂಶವಿದೆ, ಆದರೆ ಆ ಮೊತ್ತ ಚಿಕ್ಕದು.

ಸಂಖ್ಯೆ ಸಣ್ಣದಾಯಿತೆಂದು ಸ್ಕ್ವಾಟ್ (ಭಾರ ಹೊತ್ತು ಕುಳಿತೇಳುವ ವ್ಯಾಯಾಮ) ಬಿಟ್ಟು ಟ್ರೆಡ್‌ಮಿಲ್‌ಗೆ ಹೋಗುವವರನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ತೂಕ ಇಳಿಸುವಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯುವುದೇ ವೇಟ್ ಟ್ರೈನಿಂಗ್‌ನ ದೊಡ್ಡ ಉಪಕಾರ. ಹೀಗಾಗಿ ನೀವು ಬರೆದಿಡಬೇಕಾದದ್ದು ಬೇರೆ: ಯಾವ ವ್ಯಾಯಾಮಕ್ಕೆ ಎಷ್ಟು ಕಿಲೊ, ಎಷ್ಟು ರೆಪ್ಸ್ (ಒಂದು ಸೆಟ್‌ನಲ್ಲಿ ಎಷ್ಟು ಸಲ), ಎಷ್ಟು ಸೆಟ್. ತೂಕವನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ವಾರದ ಸರಾಸರಿ ತೆಗೆಯಿರಿ, ಸೊಂಟದ ಸುತ್ತಳತೆಯನ್ನು ತಿಂಗಳಿಗೊಮ್ಮೆ ಅಳೆಯಿರಿ. ಮೂರ್ನಾಲ್ಕು ವಾರ ಸರಾಸರಿ ಕದಲದಿದ್ದರೆ ರಾತ್ರಿಯ ಅನ್ನವನ್ನು ಸ್ವಲ್ಪ ತಗ್ಗಿಸಿ, ಮೀನು, ಮೊಟ್ಟೆ ಅಥವಾ ಕಾಳುಗಳನ್ನು ತಗ್ಗಿಸಬೇಡಿ.

ಎದೆಪಟ್ಟಿಯ ವಿಷಯ: ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಬಡಿತವನ್ನು ವಾಚ್‌ಗಿಂತ ಚೆನ್ನಾಗಿ ಎಣಿಸುತ್ತದೆ, ಓಡುವ ಅಭ್ಯಾಸವಿದ್ದರೆ ಕೊಳ್ಳಬಹುದು. ಆದರೆ ಬಡಿತದಿಂದ ಕ್ಯಾಲೊರಿಗೆ ಹೋಗುವ ಸೂತ್ರ ಹಳೆಯದೇ ಆಗಿರುವುದರಿಂದ ಕೇವಲ ವೇಟ್ ಟ್ರೈನಿಂಗ್‌ನ ಲೆಕ್ಕಕ್ಕಾಗಿ ಅದಕ್ಕೆ ಹಣ ಹಾಕುವ ಅಗತ್ಯವಿಲ್ಲ.